ತಾರಸಿಯ ಕಾವಿಗೆ ತಡೆ: ಮನೆಯ ಛಾವಣಿಗೆ ಒಪ್ಪುವ ಶಾಖನಿರೋಧಕದ ಆಯ್ಕೆ

ಏಪ್ರಿಲ್-ಮೇ ತಿಂಗಳು ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿ ಸೀಮೆಯ ಆರ್‌ಸಿಸಿ ಮನೆಗಳಲ್ಲಿ ಒಂದೇ ದೂರು ಕೇಳಿಬರುತ್ತದೆ. ಹೊತ್ತು ಮುಳುಗಿ ನಾಲ್ಕು ತಾಸು ಕಳೆದರೂ ಮೇಲಂತಸ್ತಿನ ಕೋಣೆ ತಣಿಯುವುದಿಲ್ಲ. ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ ಕೆಳಗಿಳಿಯುತ್ತದೆ. ಹಾಸಿಗೆ ಹಿಡಿದ ವೃದ್ಧರು, ಹಸುಗೂಸುಗಳು ಇರುವ ಮನೆಯಲ್ಲಿ ಇದು ಬರಿಯ ಕಿರಿಕಿರಿಯಲ್ಲ, ಆರೋಗ್ಯದ ಪ್ರಶ್ನೆ. ಇಂಥ ಹೊತ್ತಿನಲ್ಲಿ ಮನೆಯವರು ಮೊದಲು ನೆನೆಯುವುದು ಹವಾನಿಯಂತ್ರಕವನ್ನು. ಆದರೆ ಕಾವು ಇಳಿದುಬರುವ ದಾರಿಯನ್ನು ಮುಚ್ಚದೆ ಕೋಣೆಯನ್ನು ತಣಿಸಹೊರಡುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆಯೇ ಸರಿ. ಮೊದಲು ಆಗಬೇಕಾದದ್ದು ಛಾವಣಿಯ ಶಾಖನಿರೋಧ. ಅದಕ್ಕೆ ಪೇಟೆಯಲ್ಲಿ ಹತ್ತಾರು ಸರಕುಗಳಿವೆ. ಯಾವ ಛಾವಣಿಗೆ ಯಾವುದು ಒಪ್ಪುತ್ತದೆ ಎಂಬುದನ್ನು ಅರಿತು ಆರಿಸಿದರೆ ಮಾತ್ರ ಹಾಕಿದ ಹಣ ಸಾರ್ಥಕವಾಗುತ್ತದೆ.

ಛಾವಣಿಯೇ ಏಕೆ ಕಾಯುತ್ತದೆ?

ಕರ್ನಾಟಕವು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಆದ್ದರಿಂದ ಇಲ್ಲಿನ ಪ್ರತಿಯೊಂದು ಊರಿನ ನೆತ್ತಿಯ ಮೇಲೂ ಸೂರ್ಯ ವರ್ಷಕ್ಕೆ ಎರಡು ಬಾರಿ ನೇರವಾಗಿ ಹಾದುಹೋಗುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಕಲಬುರಗಿಯಲ್ಲಿ ಮೇ ಎರಡನೆಯ ವಾರದ ಸುಮಾರಿಗೆ ನಡುಹಗಲಿನಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ಗೋಡೆಗಳಿಗೆ ಬಿಸಿಲು ಓರೆಯಾಗಿ ತಾಗಿದರೆ, ತಾರಸಿಗೆ ಪೂರ್ಣವಾಗಿ ಬಡಿಯುತ್ತದೆ. ಬಣ್ಣ ಕಾಣದ ಹಳೆಯ ಕಾಂಕ್ರೀಟಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು.

ಆ ಕಾವು ಕೂಡಲೇ ಕೋಣೆಗೆ ಇಳಿಯುವುದಿಲ್ಲ. ಐದಾರು ಅಂಗುಲ ದಪ್ಪದ ಚಪ್ಪಡಿ ಅದನ್ನು ಹೀರಿಕೊಂಡು, ಮೂರು-ನಾಲ್ಕು ತಾಸು ತಡವಾಗಿ ಕೆಳಕ್ಕೆ ಬಿಡುತ್ತದೆ. ಮಧ್ಯಾಹ್ನದ ಬಿಸಿಲು ಸಂಜೆಯ ಸೆಕೆಯಾಗಿ ಕಾಡುವುದು ಇದರಿಂದಲೇ. ಕಾದ ಚಪ್ಪಡಿ ಗಾಳಿಯನ್ನಷ್ಟೇ ಬಿಸಿಮಾಡುವುದಿಲ್ಲ. ಒಲೆಯ ಕೆಂಡದಂತೆ ತನ್ನ ಕೆಳಗೆ ಮಲಗಿದವರ ಮೈಗೆ ನೇರವಾಗಿ ಶಾಖವನ್ನು ಬೀರುತ್ತದೆ. ಗಾಳಿ ತಂಪಾದ ಮೇಲೂ ಮೈ ಬೆವರುವುದು ಇದೇ ಕಾರಣಕ್ಕೆ.

ದೋಷ ಛಾವಣಿಯದೇ ಎಂದು ಖಚಿತಪಡಿಸಿಕೊಳ್ಳಲು ಸುಲಭದ ಪರೀಕ್ಷೆಯೊಂದಿದೆ. ಸಂಜೆ ಆರರ ಹೊತ್ತಿಗೆ ಏಣಿ ಏರಿ ಮೇಲ್ಭಾಗವನ್ನು ಅಂಗೈಯಿಂದ ಮುಟ್ಟಬೇಕು. ಬಳಿಕ ಒಳಗೋಡೆಯನ್ನು ಮುಟ್ಟಬೇಕು. ಮೇಲ್ಭಾಗ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಹಣ ಹಾಕಬೇಕಾದದ್ದು ಛಾವಣಿಗೆ. ಪಡುವಣ ಗೋಡೆಯೇ ಹೆಚ್ಚು ಕಾದಿದ್ದರೆ ಆ ಗೋಡೆಗೂ ಕಿಟಕಿಗೂ ನೆರಳು ಮಾಡುವುದೇ ಮೇಲು. ಮೇಲೆ ಇನ್ನೊಂದು ಅಂತಸ್ತಿರುವ ಮನೆಗೆ ಈ ಖರ್ಚೇ ಬೇಡ.

ಹಿರಿಯರ ಮೇಲುಮುದ್ದೆ, ಕರಾವಳಿಯ ಮುಚ್ಚಿಗೆ

ಶಾಖನಿರೋಧ ನಾಡಿಗೆ ಹೊಸತಲ್ಲ. ಬಯಲುಸೀಮೆಯ ಮೇಲುಮುದ್ದೆ ಮನೆಗಳಲ್ಲಿ ತೊಲೆ-ಜಂತಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಒಂದು ಅಡಿಯಷ್ಟು ಮಣ್ಣು ಬಡಿದು ಕೂರಿಸುತ್ತಿದ್ದರು. ಕರಾವಳಿ ಮತ್ತು ಮಲೆನಾಡಿನಲ್ಲಿ ಹಂಚಿನ ಕೆಳಗೆ ಮರದ ಮುಚ್ಚಿಗೆ ಇರುತ್ತಿತ್ತು. ಹಂಚಿಗೂ ಮುಚ್ಚಿಗೆಗೂ ನಡುವಿನ ಅಟ್ಟದಲ್ಲಿ ಬಿಸಿಗಾಳಿ ನಿಂತು, ಹಂಚಿನ ಸಂದುಗಳಿಂದ ಹೊರಹೋಗುತ್ತಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಬಗೆಯ ಛಾವಣಿ ದೂರದೂರಕ್ಕೆ ಹರಡಿತು.

ಆರ್‌ಸಿಸಿ ಬಂದಾಗ ಸೋರಿಕೆ, ಗೆದ್ದಲು, ವರ್ಷವರ್ಷದ ದುರಸ್ತಿ ತಪ್ಪಿತು. ಜತೆಗೆ ಆ ತಂಪೂ ತಪ್ಪಿತು. ಎಷ್ಟು ತಪ್ಪಿತು ಎಂಬುದನ್ನು ಅಂಕಿಯಲ್ಲೇ ಹೇಳಬಹುದು.

ಅಳತೆಗೋಲು

ಛಾವಣಿಯ ಒಂದು ಚದರ ಮೀಟರಿನಲ್ಲಿ, ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದೇ ‘ಯು-ಮೌಲ್ಯ’. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಆರು ಅಂಗುಲದ ಬರಿಯ ಆರ್‌ಸಿಸಿ ಚಪ್ಪಡಿಗೆ ಈ ಮೌಲ್ಯ 3ಕ್ಕಿಂತ ತುಸು ಹೆಚ್ಚು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ವಸತಿ ಕಟ್ಟಡಗಳ ಛಾವಣಿಗೆ ಹಾಕಿದ ಗರಿಷ್ಠ ಮಿತಿ 1.2. ಬರಿಯ ಚಪ್ಪಡಿ ಆ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವನ್ನು ಬಿಟ್ಟುಕೊಡುತ್ತದೆ ಎಂದಾಯಿತು. ಒಂದು ಅಡಿ ಮಣ್ಣಿನ ಹಳೆಯ ಮೇಲುಮುದ್ದೆಯನ್ನು ಇದೇ ಲೆಕ್ಕಕ್ಕೆ ಹಚ್ಚಿದರೆ ಸ್ಥೂಲವಾಗಿ 1ರ ಆಸುಪಾಸು ಬರುತ್ತದೆ. ಸಂಹಿತೆಯ ಹೆಸರೂ ಕೇಳದ ಹಿರಿಯರ ಮನೆ ಸಂಹಿತೆಯ ಮಿತಿಯೊಳಗೇ ಇತ್ತು.

ಹಾಗೆಂದು ಆರ್‌ಸಿಸಿ ತಾರಸಿಯ ಮೇಲೆ ಮಣ್ಣು ಹೇರಹೋಗಬಾರದು. ಒಂದು ಅಡಿ ಮಣ್ಣು ಚದರ ಮೀಟರಿಗೆ 450 ಕಿಲೋಗೂ ಮಿಕ್ಕಿ ತೂಗುತ್ತದೆ. ಸಾಧಾರಣ ಮನೆಯ ಚಪ್ಪಡಿಯನ್ನು ಅಷ್ಟು ಭಾರಕ್ಕೆ ಲೆಕ್ಕಹಾಕಿ ಕಟ್ಟಿರುವುದಿಲ್ಲ.

ಈ ಅಂಕಿಗಳ ಅರ್ಥ ದಿನದ ಬದುಕಿನಲ್ಲಿ ಹೀಗಿದೆ. ಹತ್ತಡಿ-ಹನ್ನೆರಡಡಿಯ ಕೋಣೆಯ ಛಾವಣಿ ಸುಮಾರು 11 ಚದರ ಮೀಟರ್. ಬಿಸಿಲಿನ ಕಾವನ್ನೂ ಸೇರಿಸಿ ಒಳಗಿಗೂ ಹೊರಗಿಗೂ 20 ಡಿಗ್ರಿ ವ್ಯತ್ಯಾಸವಿದೆ ಎನ್ನೋಣ. ಬರಿಯ ಚಪ್ಪಡಿಯ ಮೂಲಕ ಸುಮಾರು 680 ವ್ಯಾಟ್ ಶಾಖ ಕೋಣೆಗೆ ಇಳಿಯುತ್ತದೆ. ಇಸ್ತ್ರಿಪೆಟ್ಟಿಗೆಯೊಂದನ್ನು ಹಚ್ಚಿಟ್ಟು ಕೋಣೆಯಲ್ಲೇ ಮರೆತಂತೆ. ಅದೇ ಚಪ್ಪಡಿಯ ಮೇಲೆ ಎರಡು ಅಂಗುಲದ ಉತ್ತಮ ಫೋಮ್ ಹಲಗೆ ಹಾಸಿದರೆ ಯು-ಮೌಲ್ಯ 0.5ಕ್ಕೆ ಇಳಿದು, ಒಳಬರುವ ಶಾಖ 110 ವ್ಯಾಟ್‌ನಷ್ಟಾಗುತ್ತದೆ. ಒಂದೇ ಅಂಗುಲದ ಹಲಗೆ ಹಾಕಿದರೂ ಮೌಲ್ಯ 0.9ರ ಸುಮಾರಿಗೆ ಬಂದು ಸಂಹಿತೆಯ ಮಿತಿಯೊಳಗೆ ನಿಲ್ಲುತ್ತದೆ. ಮೊದಲ ಅಂಗುಲದ ಫಲವೇ ಅತಿ ಹೆಚ್ಚು. ದಪ್ಪ ಏರಿದಂತೆ ಹೆಚ್ಚುವರಿ ಲಾಭ ಕುಗ್ಗುತ್ತ ಹೋಗುತ್ತದೆ.

ಚಪ್ಪಡಿಯ ಮೇಲೋ, ಕೆಳಗೋ?

ಆಯ್ಕೆಯ ಮೊದಲ ಪ್ರಶ್ನೆ ಸರಕಿನದಲ್ಲ, ಜಾಗದ್ದು. ಸಾಧ್ಯವಿದ್ದಲ್ಲೆಲ್ಲ ಬಿಸಿಲನ್ನು ಚಪ್ಪಡಿಗೆ ತಲುಪುವ ಮುನ್ನವೇ ತಡೆಯಬೇಕು. ಮೇಲೆ ಹಾಸಿದ ನಿರೋಧಕ ಚಪ್ಪಡಿಯನ್ನೇ ತಂಪಾಗಿಡುತ್ತದೆ. ಹಗಲು-ರಾತ್ರಿಯ ಹಿಗ್ಗು-ಕುಗ್ಗು ತಗ್ಗುವುದರಿಂದ ಬಿರುಕು, ಸೋರಿಕೆಗಳೂ ಕಡಿಮೆಯಾಗುತ್ತವೆ. ಕೆಳಗೆ ಹಾಕಿದ ನಿರೋಧಕ ಕೋಣೆಯನ್ನು ಕಾಯುತ್ತದೆಯೇ ಹೊರತು ಚಪ್ಪಡಿಯನ್ನಲ್ಲ. ಆದರೆ ತಾರಸಿಯ ಮೇಲೆ ಹಕ್ಕಿಲ್ಲದ ಬಾಡಿಗೆದಾರರಿಗೂ, ಅಪಾರ್ಟ್‌ಮೆಂಟಿನ ಕೊನೆಯ ಅಂತಸ್ತಿನವರಿಗೂ ಕೆಳಗಿನ ದಾರಿಯೇ ಉಳಿದಿರುತ್ತದೆ. ರಾತ್ರಿ ಮಾತ್ರ ಹವಾನಿಯಂತ್ರಕ ಹಚ್ಚುವ ಮಲಗುವ ಕೋಣೆಗೂ ಅದು ಒಪ್ಪುತ್ತದೆ. ಕಾದ ಚಪ್ಪಡಿಯನ್ನೆಲ್ಲ ತಣಿಸುವ ಹೊರೆ ಯಂತ್ರಕ್ಕೆ ತಪ್ಪುತ್ತದೆ.

ತಾರಸಿಯ ಮೇಲಿನ ಉಪಾಯಗಳು

ಬಿಳಿ ಲೇಪ: ಎಲ್ಲಕ್ಕಿಂತ ಅಗ್ಗದ್ದು, ಎಲ್ಲರ ಕೈಗೂ ಎಟುಕುವಂಥದ್ದು. ಹಳೆಯ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನ ಮೂರನೆಯ ಒಂದು ಭಾಗವನ್ನಷ್ಟೇ ಹಿಂದಿರುಗಿಸಿದರೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಅಥವಾ ತಂಪು-ಛಾವಣಿ ಬಣ್ಣ ಮುಕ್ಕಾಲು ಭಾಗದಷ್ಟನ್ನು ಹಿಂದಿರುಗಿಸಬಲ್ಲದು. ಇದು ಯು-ಮೌಲ್ಯವನ್ನು ಬದಲಿಸುವುದಿಲ್ಲ. ತಾರಸಿ ಕಾಯುವುದನ್ನೇ ತಗ್ಗಿಸುತ್ತದೆ. ಧೂಳು ಕುಳಿತರೆ, ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಗುಣ ಇಳಿಯುತ್ತದೆ. ಆದ್ದರಿಂದ ಸುಣ್ಣವನ್ನು ಪ್ರತಿ ವರ್ಷ ಮಾರ್ಚ್‌ಗೆ ಮುನ್ನ ಬಳಿಯಬೇಕು. ಬಣ್ಣವನ್ನು ಬೇಸಿಗೆಗೆ ಮೊದಲು ತೊಳೆಯಬೇಕು. ಅಹಮದಾಬಾದ್ ನಗರ 2013ರಿಂದ ಜಾರಿಗೆ ತಂದ ಬಿಸಿಗಾಳಿ ನಿರ್ವಹಣಾ ಯೋಜನೆಗೆ ಮುಂದೆ ತಂಪು ಛಾವಣಿಯ ಕಾರ್ಯಕ್ರಮವೂ ಸೇರಿತು. ಕಲಬುರಗಿ, ರಾಯಚೂರುಗಳ ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ನಂಬಿಕೆ ಬಾರದವರು ಹತ್ತಡಿ ಜಾಗಕ್ಕೆ ಮಾತ್ರ ಸುಣ್ಣ ಬಳಿದು, ಮಧ್ಯಾಹ್ನ ಎರಡು ಗಂಟೆಗೆ ಎರಡೂ ಕಡೆ ಅಂಗೈ ಇಟ್ಟು ನೋಡಬಹುದು.

ಬಿಳಿ ಟೈಲ್ ಚೂರು: ಪೇಟೆಯಲ್ಲಿ ‘ಚೈನಾ ಮೊಸಾಯಿಕ್’ ಎನ್ನುವ, ಒಡೆದ ಬಿಳಿ ಟೈಲುಗಳ ಹಾಸು. ಬಿಸಿಲನ್ನು ಹಿಂದಿರುಗಿಸುವ ಗುಣ ಹೆಚ್ಚು ಕಾಲ ಉಳಿಯುತ್ತದೆ. ಗುಡಿಸಿ ತೊಳೆಯುವುದು ಸುಲಭ. ಸಂದುಗಳನ್ನು ಚೆನ್ನಾಗಿ ತುಂಬದಿದ್ದರೆ ಅಲ್ಲಿಂದಲೇ ನೀರಿಳಿಯುತ್ತದೆ.

ಇಟ್ಟಿಗೆ ಚೂರಿನ ಗಾರೆ: ‘ದಪ್ಪನಾದ ಗಾರೆ ಹಾಕಿಸಿದರೆ ಮನೆ ತಂಪು’ ಎಂಬ ನಂಬಿಕೆ ಮೇಸ್ತ್ರಿಗಳಲ್ಲಿ ವ್ಯಾಪಕ. ಲೆಕ್ಕ ಬೇರೆಯೇ ಹೇಳುತ್ತದೆ. ನಾಲ್ಕು ಅಂಗುಲದ ಇಟ್ಟಿಗೆ ಚೂರಿನ ಪದರ ಚದರ ಮೀಟರಿಗೆ ಎರಡು ಕ್ವಿಂಟಲಿನ ಸಮೀಪ ತೂಗುತ್ತದೆ. ಯು-ಮೌಲ್ಯ ಇಳಿಯುವುದು 3.1ರಿಂದ 2.2ರ ಸುಮಾರಿಗೆ ಮಾತ್ರ. ವಾಟ ಕೊಡುವುದಕ್ಕೂ ನೀರು ತಡೆಯುವುದಕ್ಕೂ ಅದು ಉಪಯುಕ್ತ. ಆದರೆ ಶಾಖ ತಡೆಯುವುದು ಭಾರವಲ್ಲ, ಸರಕಿನೊಳಗೆ ಸಿಕ್ಕಿಬಿದ್ದ ನಿಶ್ಚಲ ಗಾಳಿ. ಅಂಗೈ ಮೇಲೆ ಹಗುರಾಗಿ ನಿಲ್ಲುವ ಒಂದು ಅಂಗುಲದ ಫೋಮ್ ಹಲಗೆ, ಶಾಖ ತಡೆಯುವುದರಲ್ಲಿ ಎರಡು ಅಡಿ ಇಟ್ಟಿಗೆ ಕೆಲಸಕ್ಕೆ ಸಮ.

ಫೋಮ್ ಹಲಗೆಗಳು: ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು. ಮಣಿಮಣಿಯಾಗಿ ಕಾಣುವ ಸಾಮಾನ್ಯ ಥರ್ಮೋಕೋಲ್ ಅಗ್ಗ; ಆದರೆ ಮಣಿಗಳ ನಡುವೆ ನೀರು ಸೇರಿದರೆ ಗುಣ ಕೆಡುತ್ತದೆ. ಒತ್ತಿ ತೆಗೆದ ಪಾಲಿಸ್ಟೈರೀನ್, ಅಂದರೆ ಎಕ್ಸ್‌ಪಿಎಸ್ ಹಲಗೆ, ನೀರನ್ನು ಹೆಚ್ಚು ಹೀರದು. ಮೇಲೆ ಓಡಾಡುವ ಭಾರವನ್ನೂ ತಾಳುತ್ತದೆ. ತಾರಸಿಗೆ ಸಾಮಾನ್ಯವಾಗಿ ಇದೇ ಸೂಕ್ತ. ಪಿಯು ಫೋಮನ್ನು ಸಿಂಪಡಿಸಿಯೂ ಹಾಕುತ್ತಾರೆ. ಅದು ಸಂದಿಲ್ಲದೆ ಕೂರುತ್ತದೆ; ಆದರೆ ಬಿಸಿಲಿಗೆ ತೆರೆದಿಟ್ಟರೆ ಪುಡಿಯಾಗುವುದರಿಂದ ಮೇಲೊಂದು ರಕ್ಷಣಾ ಪದರ ಕಡ್ಡಾಯ.

ಹಾಸುವ ಕ್ರಮದಲ್ಲಿ ತಪ್ಪಿದರೆ ಎಷ್ಟು ಒಳ್ಳೆಯ ಸರಕೂ ವ್ಯರ್ಥ. ಮೊದಲು ವಾಟ, ಅದರ ಮೇಲೆ ಜಲನಿರೋಧಕ ಪದರ. ಎರಡು ದಿನ ನೀರು ಕಟ್ಟಿ ಸೋರಿಕೆ ಇಲ್ಲವೆಂದು ಕಂಡ ಮೇಲೆ ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸಬೇಕು. ಅದರ ಮೇಲೆ ಬೇರ್ಪಡಿಸುವ ಹಾಳೆ, ಬಲೆ ಹಾಕಿದ ಗಾರೆ, ಕೊನೆಗೆ ತಿಳಿಬಣ್ಣದ ಟೈಲು. ಜಲನಿರೋಧಕ ಪದರ ಹಲಗೆಯ ಕೆಳಗಿರುವುದರಿಂದ ಬಿಸಿಲಿಗೆ ಸಿಕ್ಕದೆ ಬಹುಕಾಲ ಬಾಳುತ್ತದೆ. ಸೋರುವ ತಾರಸಿಯ ಮೇಲೆ ಹಲಗೆ ಹಾಸಿಬಿಟ್ಟರೆ ಮುಂದೆ ತೂತು ಎಲ್ಲಿದೆ ಎಂದು ಹುಡುಕುವುದೇ ದುಸ್ತರ.

ನೆರಳು: ತಾರಸಿಯ ಮೇಲೆ ಶೀಟಿನ ಚಪ್ಪರ, ಸೌರಫಲಕಗಳ ಸಾಲು, ಹಸಿರು ಬಲೆ, ಬಳ್ಳಿಯ ಹಂದರ, ಯಾವುದಾದರೂ ಸರಿ, ನೆರಳಿಗೂ ಚಪ್ಪಡಿಗೂ ನಡುವೆ ಗಾಳಿ ಆಡುವಂತಿದ್ದರೆ ಒಳ್ಳೆಯ ಫಲ ಕೊಡುತ್ತವೆ. ಶೀಟಿನ ಚಪ್ಪರಕ್ಕೆ ಸ್ಥಳೀಯ ಸಂಸ್ಥೆಯ ನಿಯಮ ಕೇಳಿಕೊಳ್ಳಬೇಕು. ಬಿರುಗಾಳಿಗೆ ಹಾರದಂತೆ ಬಿಗಿಯಬೇಕು. ತಾರಸಿ ತೋಟ ಬಯಸುವವರು ಹಸಿಮಣ್ಣಿನ ಭಾರವನ್ನೂ ಬೇರಿನ ಕಾಟವನ್ನೂ ಇಂಜಿನಿಯರ ಬಳಿ ಮೊದಲೇ ಚರ್ಚಿಸುವುದು ಲೇಸು.

ಕೋಣೆಯ ಒಳಗಿನ ಉಪಾಯಗಳು

ಒಳಗೆ ರೂಢಿಯಲ್ಲಿರುವುದು ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್. ಅದು ಒಂದೇ ಇದ್ದರೆ ಫಲ ಸಾಧಾರಣ. ಅದರ ಮೇಲೆ ಎರಡು ಅಂಗುಲದ ಗಾಜಿನ ಉಣ್ಣೆ ಅಥವಾ ಕಲ್ಲುಣ್ಣೆಯ ಹೊದಿಕೆ ಇಟ್ಟಾಗ ನಿಜವಾದ ತಡೆ ಸಿಗುತ್ತದೆ. ಈ ಉಣ್ಣೆಗಳು ಉರಿಯುವ ಸರಕಲ್ಲ. ಆದರೆ ಅವನ್ನು ಒತ್ತಿ ತೆಳುವಾಗಿಸಬಾರದು, ನೆನೆಯಗೊಡಬಾರದು. ಹಾಕುವವರು ಕೈಗವಸು, ಮುಖಗವಸು, ಕನ್ನಡಕ ಧರಿಸಬೇಕು. ಹೊದಿಕೆ ಕೋಣೆಯ ಗಾಳಿಗೆ ತೆರೆದಿರಬಾರದು.

ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಗುಣ ಬೇರೆ. ಅದು ಕೆಲಸಮಾಡುವುದು ಹೊಳಪಿನ ಮುಖದ ಎದುರು ಗಾಳಿಯ ಅಂತರ ಇದ್ದಾಗ ಮಾತ್ರ. ಎರಡೂ ಬದಿ ಗಾರೆಗೋ ಹಲಗೆಗೋ ಅಂಟಿಸಿಬಿಟ್ಟರೆ ಅದು ಬರಿಯ ಹಾಳೆ.

ಎಚ್ಚರಿಕೆಯ ಮಾತೊಂದಿದೆ. ಥರ್ಮೋಕೋಲ್ ಹಾಳೆಗಳನ್ನು ಕೋಣೆಯ ಮೇಲ್ಭಾಗಕ್ಕೆ ಅಂಟಿಸಿ ಹಾಗೆಯೇ ಬಿಡುವ ರೂಢಿ ಅಲ್ಲಲ್ಲಿ ಇದೆ. ಬೆಂಕಿ ತಗುಲಿದರೆ ಅದು ಕರಗಿ ಉರಿಯುತ್ತ ಕೆಳಕ್ಕೆ ಸುರಿಯುತ್ತದೆ. ದಟ್ಟ ವಿಷಹೊಗೆ ಏಳುತ್ತದೆ. ಫೋಮ್ ಯಾವುದೇ ಇರಲಿ, ವಾಸದ ಕೋಣೆಯಲ್ಲಿ ಅದನ್ನು ಜಿಪ್ಸಂ ಅಥವಾ ಗಾರೆಯ ಹಿಂದೆ ಮರೆಮಾಡಲೇಬೇಕು. ವಿದ್ಯುತ್ ತಂತಿಗಳು ಕೊಳವೆಯೊಳಗಿರಬೇಕು; ಹುದುಗಿಸಿದ ದೀಪಗಳ ಮೇಲೆ ಹೊದಿಕೆ ಕವುಚಬಾರದು.

ಎತ್ತರದ ಲೆಕ್ಕವೂ ಮುಖ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ 2.75 ಮೀಟರ್ ಎತ್ತರ ಬೇಕು. ಹವಾನಿಯಂತ್ರಿತ ಕೋಣೆಗೆ 2.4 ಮೀಟರ್ ಸಾಕು. ಹತ್ತಡಿಗೂ ತಗ್ಗಾದ ಮನೆಯಲ್ಲಿ ಸೀಲಿಂಗು ಇನ್ನಷ್ಟು ಇಳಿದರೆ ಫ್ಯಾನಿನ ರೆಕ್ಕೆ ತಲೆಯ ಸಮೀಪಕ್ಕೆ ಬರುತ್ತದೆ.

ಶೀಟು ಮತ್ತು ಹಂಚಿನ ಮನೆಗಳು

ಬಡವರ ಮನೆಯ ತಗಡಿನ ಶೀಟು ಬಿಸಿಲು ಬಿದ್ದ ಕ್ಷಣದಿಂದಲೇ ಕಾಯುತ್ತದೆ. ಇಲ್ಲಿ ಬಿಳಿ ಲೇಪದ ಫಲ ತತ್‌ಕ್ಷಣ ಕಾಣುತ್ತದೆ. ಅದರ ಕೆಳಗೆ ಒಂದು ಗೇಣು ಅಂತರ ಬಿಟ್ಟು ಬಿದಿರಿನ ತಟ್ಟಿ ಅಥವಾ ಹಲಗೆಯ ಮುಚ್ಚಿಗೆ ಕಟ್ಟಿ, ಎರಡೂ ತುದಿಗಳಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಬಿಟ್ಟರೆ ಇನ್ನಷ್ಟು ನೆಮ್ಮದಿ. ಹೊಸದಾಗಿ ಹಾಕಿಸುವವರಿಗೆ ನಡುವೆ ಪಿಯು ಫೋಮ್ ತುಂಬಿದ ಜೋಡಿ ಶೀಟು ಸಿಗುತ್ತದೆ.

ಕಲ್ನಾರಿನ ಸಿಮೆಂಟ್ ಶೀಟಿನ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಕಲ್ನಾರಿನ ಎಳೆ ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಸಿದ್ಧಪಟ್ಟ ಸಂಗತಿ. ಅಂಥ ಶೀಟನ್ನು ಕೊರೆಯಬಾರದು, ಗರಗಸದಿಂದ ಕುಯ್ಯಬಾರದು, ಒಣಗಿದಾಗ ಉಜ್ಜಬಾರದು. ಹಳೆಯ ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಅದು ಮುರಿದು ಕೆಳಗೆ ಬೀಳುವ ಅಪಾಯವೂ ಇದೆ. ಸುಣ್ಣ ಬಳಿಯುವವರು ಅಡ್ಡ ಹಲಗೆ ಹಾಕಿಕೊಂಡೇ ಹತ್ತಬೇಕು.

ಹಂಚಿನ ಮನೆಗೆ ಹಳೆಯ ಮುಚ್ಚಿಗೆಯೇ ಇಂದಿಗೂ ಮಾದರಿ. ಹಂಚಿನ ಉಸಿರಾಟವನ್ನು ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚಿದರೆ ಮಳೆಗಾಲದಲ್ಲಿ ಒಳಗೆ ತೇವ ನಿಂತು ಮರ ಕೊಳೆಯುತ್ತದೆ.

ಸೀಮೆಗೆ ತಕ್ಕ ಆಯ್ಕೆ

ಕಲ್ಯಾಣ ಕರ್ನಾಟಕದ ಒಣ ಬಿಸಿಲಿಗೆ ಮೇಲ್ಭಾಗದ ಒಂದೆರಡು ಅಂಗುಲ ಫೋಮ್ ಹಲಗೆ, ಅದರ ಮೇಲೆ ಬಿಳಿ ಟೈಲು ಒಳ್ಳೆಯ ಜೋಡಿ. ಬೆಂಗಳೂರು, ಮೈಸೂರುಗಳ ಹದವಾದ ಹವೆಗೆ ಹಲವು ಮನೆಗಳಲ್ಲಿ ಬಿಳಿ ಲೇಪವೊಂದೇ ಸಾಕಾದೀತು. ಕರಾವಳಿಯಲ್ಲಿ ಸೆಕೆಗೆ ತೇವವೂ ಕಾರಣವಾದ್ದರಿಂದ ನೆರಳು ಮತ್ತು ಗಾಳಿಯ ಓಡಾಟವಿಲ್ಲದೆ ನಿರೋಧಕವೊಂದರಿಂದಲೇ ಸುಖವಿಲ್ಲ. ಮಲೆನಾಡಿನಲ್ಲಿ ಮಳೆಗೆ ಮೊದಲ ಸ್ಥಾನ, ಬಿಸಿಲಿಗೆ ಎರಡನೆಯದು.

ಎಲ್ಲ ಕಡೆಯೂ ನೆನಪಿಡಬೇಕಾದ ಸಂಗತಿಯೊಂದಿದೆ. ನಿರೋಧಕ ಹಾಸಿದ ಚಪ್ಪಡಿ ರಾತ್ರಿ ಆಕಾಶಕ್ಕೆ ಕಾವು ಬಿಡಲಾರದು. ಆದ್ದರಿಂದ ಹಗಲು ಕಿಟಕಿಗಳನ್ನು ಮುಚ್ಚಿ, ರಾತ್ರಿ ತೆರೆದು ಗಾಳಿ ಆಡಿಸಬೇಕು. ಈ ಶಿಸ್ತು ತಪ್ಪಿದರೆ ಒಳಸೇರಿದ ಸೆಕೆ ಒಳಗೇ ಉಳಿಯುತ್ತದೆ.

ಕೊಳ್ಳುವಾಗ ಕೇಳಬೇಕಾದದ್ದು

‘ಹದಿನೈದು ಡಿಗ್ರಿ ಇಳಿಸುತ್ತದೆ’ ಎಂಬ ಮಾತು ಕೇಳಿದಾಗ, ಇಳಿಯುವುದು ತಾರಸಿಯ ಮೇಲ್ಮೈಯದೋ ಕೋಣೆಯ ಗಾಳಿಯದೋ ಎಂದು ಮೊದಲು ಕೇಳಬೇಕು. ಮೇಲ್ಮೈ ಅಷ್ಟು ಇಳಿದೀತು. ಕೋಣೆಯ ಗಾಳಿ ಕೆಲವೇ ಡಿಗ್ರಿ ಇಳಿಯುತ್ತದೆ. ಹಲಗೆಯ ಉಷ್ಣವಾಹಕತೆ, ಸಾಂದ್ರತೆ, ಒತ್ತಡ ತಾಳುವ ಶಕ್ತಿ, ನೀರು ಹೀರುವ ಪ್ರಮಾಣ, ಬೆಂಕಿಯ ದರ್ಜೆ, ಈ ಐದನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಥರ್ಮೋಕೋಲಿಗೆ ಐಎಸ್ 4671, ಗಾಜಿನ ಉಣ್ಣೆ-ಕಲ್ಲುಣ್ಣೆಗಳಿಗೆ ಐಎಸ್ 8183 ಎಂಬ ಭಾರತೀಯ ಮಾನಕಗಳಿವೆ.

ಸಾಂದ್ರತೆಯ ಮೋಸವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ಹಿಡಿಯಬಹುದು. 1250 ಮಿಲಿಮೀಟರ್ ಉದ್ದ, 600 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ದಪ್ಪದ ಹಲಗೆಗೆ ಘನ ಮೀಟರಿಗೆ 32 ಕಿಲೋ ಸಾಂದ್ರತೆ ಎಂದು ಬರೆದಿದ್ದರೆ ಅದು 1.2 ಕಿಲೋ ತೂಗಬೇಕು. 800 ಗ್ರಾಂ ತೂಗಿದರೆ ಸರಕು ಹೇಳಿದ್ದಲ್ಲ.

ಹಣ ಹಾಕುವ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು: ಮೊದಲು ಸೋರಿಕೆಯ ದುರಸ್ತಿ, ಎರಡನೆಯದಾಗಿ ಬಿಳಿ ಲೇಪ, ಒಂದು ಬೇಸಿಗೆ ಕಳೆದು ಸಾಲದೆನಿಸಿದರೆ ಫೋಮ್ ಹಲಗೆ ಅಥವಾ ಒಳಸೀಲಿಂಗು, ಎಲ್ಲಕ್ಕೂ ಕೊನೆಗೆ ಹವಾನಿಯಂತ್ರಕ. ಈ ಕ್ರಮದಲ್ಲಿ ನಡೆದ ಹಲವು ಮನೆಗಳಿಗೆ ಕೊನೆಯದರ ಅಗತ್ಯವೇ ಬೀಳದಿರಬಹುದು. ಬಿದ್ದರೂ ಸಣ್ಣ ಯಂತ್ರ ಸಾಕಾಗುತ್ತದೆ. ಹೊಸ ಮನೆ ಕಟ್ಟಿಸುವವರಂತೂ ಸೆಂಟ್ರಿಂಗ್ ಕಟ್ಟುವ ಮುನ್ನವೇ ಈ ಮಾತನ್ನು ಇಂಜಿನಿಯರ ಮುಂದಿಡಬೇಕು. ವಾಟ, ಪ್ಯಾರಾಪೆಟ್ಟಿನ ಎತ್ತರ, ನೀರಿನ ಕೊಳವೆಯ ಬಾಯಿ, ಎಲ್ಲವನ್ನೂ ಹಲಗೆಯ ದಪ್ಪಕ್ಕೆ ತಕ್ಕಂತೆ ಇಡುವುದು ಆಗ ಸುಲಭ. ಮನೆ ಮುಗಿದ ಮೇಲೆ ಅದೇ ಕೆಲಸಕ್ಕೆ ಒಡೆಯುವ ಖರ್ಚೂ ಸೇರುತ್ತದೆ.